ಅಂಚಿನಲ್ಲಿ ಬರೆದ ಕೆಂಪು ಅಕ್ಷರ

"ಸ್ಟೇಷನ್‌ನಲ್ಲಿ ಒಪ್ಕೊಂಡುಬಿಟ್ಟಿದ್ದಾನಂತೆ ಸಾರ್, ಇನ್ನೇನು ಉಳೀತು?" ಕ್ರಿಮಿನಲ್ ಕೇಸು ನಡೆಸುವ ನನ್ನಂಥ ವಕೀಲರಿಗೆ ಆರೋಪಿಯ ಮನೆಯವರು ಹೇಳುವ ಮೊದಲ ಮಾತು ಬಹುಮಟ್ಟಿಗೆ ಇದೇ. ಅವರನ್ನು ಕೂರಿಸಿ, ಕುಡಿಯಲು ನೀರು ಕೊಟ್ಟು ಹೇಳುತ್ತೇನೆ: ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯ ಆಗುವುದಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹಾಗೆ ಹೇಳುತ್ತಿತ್ತು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲೂ ಅದೇ ಇದೆ. ಚಾರ್ಜ್‌ಶೀಟಿನಲ್ಲಿ 'ಸ್ವಖುಷಿ ಹೇಳಿಕೆ' ಅಂತ ಹಾಳೆಗಟ್ಟಲೆ ಇರಬಹುದು. ಅದರಿಂದ ಏನಾದರೂ ಪತ್ತೆಯಾಗಿದ್ದರೆ ಅಷ್ಟು ಭಾಗ ಮಾತ್ರ ನಿಲ್ಲುತ್ತದೆ.

"ಹಂಗಾದ್ರೆ ತಪ್ಪು ಮಾಡಿದವರೂ ಬಚಾವಾಗ್ತಾರೆ, ಅಲ್ವಾ?" ಅಂತ ಕೇಳುವವರಿದ್ದಾರೆ. ಅವರಿಗೆ ನಾನು ಕಾಂಬೋಡಿಯಾದ ಎಸ್-21 ಜೈಲಿನ ವಿಷಯ ಹೇಳುತ್ತೇನೆ.

1975ರ ಏಪ್ರಿಲ್ 17ರಂದು ಪೋಲ್ ಪಾಟ್‌ನ ಖ್ಮೇರ್ ರೂಜ್ ಕಮ್ಯುನಿಸ್ಟರು ರಾಜಧಾನಿ ನಾಮ್ ಪೆನ್ ಹಿಡಿದರು. ನಗರವನ್ನೇ ಖಾಲಿ ಮಾಡಿಸಿ ಜನರನ್ನು ಹೊಲಗಳಿಗೆ ಅಟ್ಟಿದರು. ನಾಲ್ಕು ವರ್ಷ ತುಂಬುವುದರೊಳಗೆ ಹಸಿವು, ರೋಗ, ಕೊಲೆಗೆ 15ರಿಂದ 20 ಲಕ್ಷ ಜನ ಬಲಿಯಾದರು. ಅಂದರೆ ದೇಶದ ಹೆಚ್ಚುಕಡಿಮೆ ಕಾಲು ಭಾಗ. ಆಗ ನಗರದ ಒಂದು ಹೈಸ್ಕೂಲು ಎಸ್-21 ಜೈಲಾಯಿತು. ಅದನ್ನು ನಡೆಸಿದ ಡುಚ್ ಮೊದಲು ಗಣಿತದ ಮೇಷ್ಟ್ರಾಗಿದ್ದವನು.

ಪಕ್ಷ ತಪ್ಪು ಮಾಡುವುದಿಲ್ಲ, ಹಾಗಾಗಿ ಹಿಡಿದು ತಂದವನು ದ್ರೋಹಿಯೇ ಆಗಿರಬೇಕು. ಅಲ್ಲಿನ ಲೆಕ್ಕ ಇಷ್ಟೇ. ಉಳಿದದ್ದು ಅವನ ಕೈಯಲ್ಲೇ ಬರೆಸುವ ಕೆಲಸ. ಹೊಡೆತ, ಕರೆಂಟು, ಮುಖ ಮುಳುಗಿಸುವ ನೀರು. ರೈತರು, ಸೈನಿಕರು, ಮಂತ್ರಿಗಳು ಕೂಡ ತಾವು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ, ಸೋವಿಯತ್ ಒಕ್ಕೂಟದ ಕೆಜಿಬಿ, ಇಲ್ಲವೇ ವಿಯೆಟ್ನಾಂ ಏಜೆಂಟರು ಅಂತ ಬರೆದುಕೊಟ್ಟರು. ಜೊತೆಗಿದ್ದವರ ಹೆಸರೂ ಬೇಕಿತ್ತು. ನೋವು ತಡೆಯಲಾರದೆ ನೆನಪಿಗೆ ಬಂದವರ ಹೆಸರು ಹೇಳಿದರು. ಆಮೇಲೆ ಆ ಹೆಸರಿನವರನ್ನು ತಂದರು. ಕಡೆಗೆ ಜೈಲಿನ ಸ್ವಂತ ಸಿಬ್ಬಂದಿಯೂ ಅದೇ ಪಟ್ಟಿಗೆ ಸೇರಿದರು. ಇಲ್ಲಿ ಸತ್ತವರು ಕನಿಷ್ಠ 12,272 ಎಂದು ಮುಂದೆ ಡುಚ್‌ನ ವಿಚಾರಣೆ ನಡೆಸಿದ ಕೋರ್ಟು ಹೇಳಿದೆ.

1979ರ ಜನವರಿಯಲ್ಲಿ ವಿಯೆಟ್ನಾಂ ಸೇನೆ ಬಂದಾಗ ಡುಚ್ ಆ ಹೇಳಿಕೆಗಳ ಕಾಗದ ಸುಡದೆ ಓಡಿಹೋದ. ಮೂವತ್ತು ವರ್ಷದ ನಂತರ, ವಿಶ್ವಸಂಸ್ಥೆಯ ಜೊತೆ ಸೇರಿ ನಡೆಸಿದ ಕೋರ್ಟಿನಲ್ಲಿ ಅವನ ವಿಚಾರಣೆ ನಡೆಯಿತು. ವಕೀಲನಾಗಿ ನನ್ನನ್ನು ಹಿಡಿದು ನಿಲ್ಲಿಸುವುದು ಇಲ್ಲಿಯೇ. ಹಿಂಸೆ ಕೊಟ್ಟು ಪಡೆದ ಹೇಳಿಕೆಯನ್ನು ಸಾಕ್ಷ್ಯ ಮಾಡಬಾರದು ಅಂತ ಹಿಂಸೆ ವಿರುದ್ಧದ ಅಂತರರಾಷ್ಟ್ರೀಯ ಒಪ್ಪಂದದ 15ನೇ ವಿಧಿ ಹೇಳುತ್ತದೆ. ಅದಕ್ಕೆ ವಿನಾಯಿತಿ ಒಂದೇ. ಹಿಂಸೆ ಕೊಟ್ಟವನ ಮೇಲೆಯೇ ಕೇಸು ನಡೆಯುವಾಗ, ಅಂಥ ಹೇಳಿಕೆ ತೆಗೆದುಕೊಂಡಿದ್ದರು ಅನ್ನೋದಕ್ಕೆ ಅದನ್ನು ತೋರಿಸಬಹುದು. (ಈ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು. ಆದರೆ ಇನ್ನೂ ಅನುಮೋದಿಸಿಲ್ಲ. ನನಗೆ ಇದು ನೋವಿನ ವಿಷಯ.)

ಡುಚ್ ಆ ಹಾಳೆಗಳನ್ನು ಮೇಷ್ಟ್ರು ಉತ್ತರಪತ್ರಿಕೆ ತಿದ್ದುವ ಹಾಗೆ ಓದುತ್ತಿದ್ದ. ಎಲ್ಲಿ ಇನ್ನೂ ಕೇಳಬೇಕು, ಯಾರಿಗೆ ಇನ್ನೂ ಹೊಡೆಯಬೇಕು ಅಂತ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದ. ಕೈದಿ ಬರೆದದ್ದಕ್ಕೆ ಬೆಲೆ ಇಲ್ಲ. ಆದರೆ ಅಂಚಿನ ಕೈಬರಹ ಡುಚ್‌ನದು. ಆ ಹೇಳಿಕೆಗಳು ಹೇಗೆ ಬಂದವು ಅನ್ನೋದಕ್ಕೆ ಅದೇ ಸಾಕ್ಷಿ. 2012ರಲ್ಲಿ ಮೇಲ್ಮನವಿ ಪೀಠ ಅವನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು.

ಆ ರಾಶಿಯಲ್ಲಿ ನ್ಯೂಜಿಲೆಂಡಿನ ಕೆರಿ ಹ್ಯಾಮಿಲ್‌ನ ಹೇಳಿಕೆಯೂ ಇದೆ. 1978ರಲ್ಲಿ ಅವನ ಹಾಯಿದೋಣಿ ಕಾಂಬೋಡಿಯಾದ ಹತ್ತಿರ ಸಿಕ್ಕಿಬಿತ್ತು. ಅವನನ್ನೂ ಕೊಂದರು. 2009ರಲ್ಲಿ ತಮ್ಮ ರಾಬ್ ಕೋರ್ಟಿಗೆ ಬಂದು ಆ ಹೇಳಿಕೆಯ ಬಗ್ಗೆ ಮಾತಾಡಿದ. ಅದರಲ್ಲಿ ಸಿಐಎ ಮೇಲಧಿಕಾರಿಯ ಹೆಸರು ಕರ್ನಲ್ ಸ್ಯಾಂಡರ್ಸ್. ಅಂದರೆ ಕೆಎಫ್‌ಸಿ ಬೋರ್ಡಿನ ಮೇಲಿರುವ ಅಜ್ಜ. ಏಜೆಂಟ್ ನಂಬರ್ ಅಂತ ಕೊಟ್ಟಿದ್ದು ಹ್ಯಾಮಿಲ್ ಮನೆಯ ಫೋನ್ ನಂಬರ್. ಭಾಷಣ ಮಾಡುವುದನ್ನು ಕಲಿಸಿದವರು ಎಸ್. ಟಾರ್ ಅಂತ ಬರೆದಿದ್ದ.

ಅಮ್ಮನ ಹೆಸರು ಎಸ್ಟರ್.