ಗೂಗಲ್ ಇರಲಿ, ಕಟ್ಟೆ ಮೇಲಿರಲಿ

"ಫೋನ್‌ಪೇ ನಡೀತೈತೇನ್ರಿ?" ಪ್ರೈವಸಿ ಫೋನ್, ಅಂದರೆ ನಮ್ಮ ಮಾಹಿತಿಯನ್ನು ಕಂಪನಿಗಳಿಗೆ ಆದಷ್ಟು ಕಡಿಮೆ ಕಳಿಸುವ ಫೋನ್ ಬೇಕು ಅಂತ ಹುಬ್ಬಳ್ಳಿಯ ನಮ್ಮ ಅಂಗಡಿಗೆ ಬರುವವರು ಮೊದಲು ಕೇಳುವುದೇ ಇದನ್ನು. ಕೇಳಬೇಕಾದದ್ದೂ ಇದೇ. ಹೊಸ ಆಪರೇಟಿಂಗ್ ಸಿಸ್ಟಮ್ (ಓಎಸ್, ಅಂದರೆ ಫೋನನ್ನು ನಡೆಸುವ ಮೂಲ ಸಾಫ್ಟ್‌ವೇರ್) ಹಾಕುವುದಕ್ಕೆ ಒಂದು ತಾಸು ಸಾಕು. ಆದರೆ ಹಾಕಿದ ಮೇಲೆ ಚಹಾದಂಗಡಿಯಲ್ಲಿ ಹತ್ತು ರೂಪಾಯಿ ಕೊಡಲು ಪರದಾಡುವಂತಾದರೆ ವಾರದೊಳಗೆ ಹಳೇ ಫೋನೇ ಮತ್ತೆ ಕೈಗೆ ಬರುತ್ತದೆ.

ಬರುವವರೂ ಥರಾವರಿ. ಧಾರವಾಡ ಹೈಕೋರ್ಟ್ ಪೀಠದಲ್ಲಿ ಕೇಸ್ ನಡೆಸುವ ವಕೀಲರಿಗೆ ಕಕ್ಷಿದಾರರ ಕಾಗದಪತ್ರದ ಚಿಂತೆ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗೆ ತನ್ನ ಗಿರಾಕಿಗಳ ನಂಬರ್ ಯಾವ್ಯಾವ ಆ್ಯಪ್‌ಗೆ ಹೋಗುತ್ತಿದೆಯೋ ಅನ್ನುವ ಚಿಂತೆ. ಕಾಲೇಜು ಹುಡುಗರು ಸುಮ್ನೆ ಕುತೂಹಲಕ್ಕೆ ಬರುತ್ತಾರೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಆ ಕೇಸ್ ಹಾಕಿದ್ದು ನಮ್ಮದೇ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪು ಬಂದಿತು ಅಂತ ನಿಮ್ಮ ಫೋನಿನ ಸೆಟ್ಟಿಂಗ್ ತಾನಾಗಿ ಬದಲಾಗಲಿಲ್ಲ, ಅಷ್ಟೇ.

ಸಾದಾ ಫೋನ್ ಎಷ್ಟು ಮಾತಾಡುತ್ತದೆ? ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಡಗ್ಲಸ್ ಲೀತ್ 2021ರಲ್ಲಿ ಅಳೆದು ನೋಡಿದರು. ಸುಮ್ಮನೆ ಮೇಜಿನ ಮೇಲೆ ಇಟ್ಟ ಆಂಡ್ರಾಯ್ಡ್ ಫೋನ್, ಐಫೋನ್ ಎರಡೂ ಸರಾಸರಿ ನಾಲ್ಕೂವರೆ ನಿಮಿಷಕ್ಕೊಮ್ಮೆ ತಮ್ಮ ಕಂಪನಿಗೆ ಮಾಹಿತಿ ಕಳಿಸುತ್ತಿದ್ದವು. ಅದೇ ವರ್ಷ ಅವರ ತಂಡ ಸ್ಯಾಮ್‌ಸಂಗ್, ಶಿಯೋಮಿ, ರಿಯಲ್‌ಮಿ ಫೋನ್‌ಗಳ ಜೊತೆ ಆಂಡ್ರಾಯ್ಡ್‌ನಿಂದಲೇ ಬೇರೆಯವರು ಮಾಡಿದ ಲಿನಿಯೇಜ್ ಓಎಸ್, ಇ ಓಎಸ್ ಅನ್ನೂ ಪರೀಕ್ಷಿಸಿತು. ಇ ಓಎಸ್ ಹೆಚ್ಚುಕಮ್ಮಿ ಏನೂ ಕಳಿಸಲಿಲ್ಲ. ಲಿನಿಯೇಜ್ ಮೇಲೆ ಗೂಗಲ್ ಆ್ಯಪ್‌ಗಳನ್ನು ಹಾಕಿದ್ದರು, ಹಾಗಾಗಿ ಗೂಗಲ್‌ಗೆ ಮಾಹಿತಿ ಹೋಗುತ್ತಲೇ ಇತ್ತು. ಓಎಸ್ ಬದಲಿಸಿ ಅದೇ ಗೂಗಲ್ ಪ್ಯಾಕೇಜನ್ನು ಅದೇ ಅಧಿಕಾರದೊಂದಿಗೆ ಮತ್ತೆ ತುಂಬಿದರೆ ಏನು ಬಂತು, ಅಲ್ವಾ?

ಅದಕ್ಕೇ ದಿನಬಳಕೆಗೆ ನಾನು ಹೇಳುವುದು ಗ್ರಾಫೀನ್ ಓಎಸ್, ಇದೂ ಆಂಡ್ರಾಯ್ಡ್‌ನಿಂದಲೇ ಮಾಡಿದ್ದು. ಅದು ಸದ್ಯಕ್ಕೆ ಕೂಡ್ರುವುದು ಗೂಗಲ್‌ನದೇ ಪಿಕ್ಸೆಲ್ ಫೋನ್‌ಗಳ ಮೇಲೆ. ಗೂಗಲ್‌ನಿಂದ ದೂರ ಇರಲು ಗೂಗಲ್ ಫೋನನ್ನೇ ಕೊಳ್ಳಬೇಕೇ ಅಂತ ನಗುವವರು ಜಾಸ್ತಿ. ನಗಲಿ. ಬೇರೆ ಓಎಸ್ ಹಾಕಿದ ಮೇಲೂ ಬೂಟ್‌ಲೋಡರ್ ಅನ್ನು (ಫೋನ್ ಶುರುವಾಗುವಾಗ ಓಎಸ್ ತೆರೆಯುವ ಬಾಗಿಲು ಅನ್ನಿ) ಮತ್ತೆ ಲಾಕ್ ಮಾಡಲು ಪಿಕ್ಸೆಲ್ ಬಿಡುತ್ತದೆ. ಪಿಕ್ಸೆಲ್ 8ರಿಂದ ಈಚೆಗಿನವುಗಳಿಗೆ ಏಳು ವರ್ಷ ಅಪ್‌ಡೇಟ್ ಕೂಡ ಇದೆ. ಲಿನಿಯೇಜ್ ಹಳೇ ಫೋನ್‌ಗೆ ಜೀವ ಕೊಡುವುದು ಖರೆ, ಆದರೆ ಹೆಚ್ಚಿನ ಮಾಡೆಲ್‌ಗಳಲ್ಲಿ ಬೂಟ್‌ಲೋಡರ್ ತೆರೆದೇ ಇಡಬೇಕು. ಕೆಲವು ಫೋನ್‌ಗಳಲ್ಲಿ ವೋಲ್ಟಿ (4ಜಿ ಮೇಲೆ ಕರೆ ಮಾಡುವ ವ್ಯವಸ್ಥೆ) ಕೈಕೊಡುತ್ತದೆ. ಜಿಯೋಗೆ 2ಜಿ, 3ಜಿ ಇಲ್ಲವಾದ್ದರಿಂದ ವೋಲ್ಟಿ ಹೋದರೆ ಕರೆಯೇ ಹೋಗದು.

ಸೆಕೆಂಡ್ ಹ್ಯಾಂಡ್ ಪಿಕ್ಸೆಲ್ ಕೊಳ್ಳುವವರು ದುಡ್ಡು ಕೊಡುವ ಮೊದಲು ಸೆಟ್ಟಿಂಗ್‌ನಲ್ಲಿ ಅಡಗಿರುವ ಡೆವಲಪರ್ ಆಪ್ಷನ್ಸ್ ತೆರೆದು, ನೆಟ್ ಕನೆಕ್ಟ್ ಮಾಡಿ, ಬೂಟ್‌ಲೋಡರ್ ತೆರೆಯಲು ಬಿಡುವ 'ಓಇಎಂ ಅನ್‌ಲಾಕಿಂಗ್' ಸ್ವಿಚ್ ಆನ್ ಆಗುತ್ತದೆಯೇ ನೋಡಿ. ಅಮೆರಿಕದ ವೆರೈಜನ್ ಕಂಪನಿಯಿಂದ ಬಂದ ಫೋನಾದರೆ ಅದು ಆನ್ ಆಗುವುದೇ ಇಲ್ಲ. ಎಷ್ಟು ಅಗ್ಗಕ್ಕೆ ಸಿಕ್ಕರೂ ನಮಗೆ ಉಪಯೋಗವಿಲ್ಲ.

ಇನ್ನು ಒಳಗಿನ ವಿಷಯ. ಸಾದಾ ಆಂಡ್ರಾಯ್ಡ್‌ನಲ್ಲಿ ಗೂಗಲ್ ಪ್ಲೇ ಸರ್ವಿಸಸ್ (ನೋಟಿಫಿಕೇಶನ್ ತರುವಂಥ ಕೆಲಸಗಳನ್ನು ಹಿನ್ನೆಲೆಯಲ್ಲಿ ಮಾಡುವ ಗೂಗಲ್ ಸಾಫ್ಟ್‌ವೇರ್) ಮನೆಯ ಎಲ್ಲಾ ಖೋಲಿಗಳ ಚಾವಿ ಇಟ್ಟುಕೊಂಡ ಹಿರಿಯ. ಗ್ರಾಫೀನ್‌ನಲ್ಲಿ ಆ ಹಿರಿಯರನ್ನು ಹೊರಗೆ ಕಟ್ಟೆ ಮೇಲೆ ಕೂಡ್ರಿಸುತ್ತೇವೆ, ಏನು ಬೇಕಾದರೂ ಕೇಳಿಯೇ ಪಡೆಯಬೇಕು. ಬೇಕೆನಿಸಿದರೆ ಪ್ಲೇ ಸರ್ವಿಸಸ್ ಹಾಕಿಕೊಳ್ಳಬಹುದು, ಆದರೆ ಅದಕ್ಕೂ ಉಳಿದ ಆ್ಯಪ್‌ಗಳಿಗೂ ಒಂದೇ ನಿಯಮ. ಗೂಗಲ್ ಅನ್ನು ಪೂರ್ತಿ ಓಡಿಸುತ್ತೇನೆ ಅಂತ ಹಟ ಹಿಡಿದವರನ್ನು ನೋಡಿದ್ದೇನೆ, ಅವರಲ್ಲಿ ಹೆಚ್ಚಿನವರು ನೋಟಿಫಿಕೇಶನ್ ತಡವಾಗಿ ಬರುವುದಕ್ಕೇ ಬೇಸತ್ತು ಹಳೇ ಫೋನಿಗೆ ಮರಳಿದರು.

ನನಗೆ ಅತಿ ಇಷ್ಟವಾದದ್ದು ಇಂಟರ್‌ನೆಟ್ಟನ್ನೂ ಒಂದು ಪರ್ಮಿಷನ್ ಮಾಡಿರುವುದು. ಆ್ಯಪ್ ಹಾಕುವಾಗಲೇ ನೆಟ್ ಕೊಡಲೋ ಬೇಡವೋ ಅಂತ ಕೇಳುತ್ತದೆ. ಕನ್ನಡ ಟೈಪ್ ಮಾಡಲು ಗೂಗಲ್‌ನ ಕೀಬೋರ್ಡ್ ಜಿಬೋರ್ಡ್ ಬೇಕೇ? ಹಾಕಿ, ಕನ್ನಡದ ಫೈಲ್ ಡೌನ್‌ಲೋಡ್ ಆಗುವವರೆಗೆ ನೆಟ್ ಕೊಡಿ, ಆಮೇಲೆ ಕಿತ್ತುಕೊಳ್ಳಿ. ನೀವು ಒತ್ತಿದ ಅಕ್ಷರ ಕೀಬೋರ್ಡಿನಿಂದ ನೇರ ಹೊರಗೆ ಹೋಗುವ ದಾರಿ ಬಂದ್. ವಾಟ್ಸಾಪ್‌ಗೆ 'ಕಾಂಟ್ಯಾಕ್ಟ್ ಸ್ಕೋಪ್ಸ್' ಇದೆ, ಅಂದರೆ ಪರ್ಮಿಷನ್ ಸಿಕ್ಕಿದೆ ಅಂತಲೇ ಆ್ಯಪ್ ತಿಳಿದಿರುತ್ತದೆ, ಆದರೆ ನೀವು ಆರಿಸಿಕೊಟ್ಟ ನಂಬರ್‌ಗಳಷ್ಟೇ ಅದಕ್ಕೆ ಕಾಣುತ್ತವೆ. ಆ ಮೆಣಸಿನಕಾಯಿ ವ್ಯಾಪಾರಿ ಇದೊಂದಕ್ಕೇ ಫೋನ್ ಬದಲಿಸಿದರು. ವಕೀಲರಿಗೆ ಇಷ್ಟವಾಗುವುದು ಬೇರೆ: 18 ತಾಸು ಯಾರೂ ಅನ್‌ಲಾಕ್ ಮಾಡದಿದ್ದರೆ ಫೋನ್ ತಾನೇ ರೀಸ್ಟಾರ್ಟ್ ಆಗುತ್ತದೆ. ಆಮೇಲೆ ಪಿನ್ ಹಾಕುವ ತನಕ ಒಳಗಿನ ಫೈಲ್‌ಗಳು ಎನ್‌ಕ್ರಿಪ್ಟ್ ಆಗೇ, ಅಂದರೆ ಯಾರೂ ಓದಲಾಗದ ಗುಪ್ತ ರೂಪದಲ್ಲೇ ಕೂತಿರುತ್ತವೆ.

ಈಗ ಬ್ಯಾಂಕಿನ ತಲೆನೋವು. ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವ ಮೊದಲು "ಇದು ನೀವು ಒಪ್ಪಿದ ಫೋನೇ?" ಅಂತ ಗೂಗಲ್ಲನ್ನು ಕೇಳುತ್ತವೆ. ಇದಕ್ಕೆ ಪ್ಲೇ ಇಂಟೆಗ್ರಿಟಿ ಅಂತ ಹೆಸರು. ಗ್ರಾಫೀನ್‌ಗೆ ಗೂಗಲ್ ಸರ್ಟಿಫಿಕೇಟ್ ಇಲ್ಲ, ಆದ್ದರಿಂದ ಕಟ್ಟುನಿಟ್ಟಾಗಿ ಕೇಳುವ ಆ್ಯಪ್ ಬಾಗಿಲು ಹಾಕುತ್ತದೆ. ವರ್ಷಗಟ್ಟಲೆ ಅಪ್‌ಡೇಟ್ ಕಾಣದ ಫೋನಿಗೂ ಆ ಸರ್ಟಿಫಿಕೇಟ್ ಇದ್ದರೆ ಒಳಗೆ ಬಿಡುತ್ತಾರೆ, ನನಗಂತೂ ಇದು ತಿಳಿಗೇಡಿತನ ಅನಿಸುತ್ತದೆ. ಇರಲಿ. ಇಂದು ನಡೆಯುವ ಆ್ಯಪ್ ನಾಳಿನ ಅಪ್‌ಡೇಟ್‌ನಲ್ಲಿ ನಿಂತುಹೋಗಬಹುದು ಅಂತ ಮೊದಲೇ ಎಲ್ಲರಿಗೂ ಹೇಳಿಬಿಡುತ್ತೇನೆ. ಆ್ಯಪ್ ತೆರೆಯದಿದ್ದರೆ ಮೊದಲು ಡೆವಲಪರ್ ಆಪ್ಷನ್ಸ್ ಆಫ್ ಮಾಡಿ, ಎಷ್ಟೋ ಸಲ ಜಗಳ ಅದರದ್ದೇ ಆಗಿರುತ್ತದೆ. ತೆರೆದು ಕ್ರ್ಯಾಶ್ ಆಗುತ್ತಿದ್ದರೆ ಆ ಒಂದು ಆ್ಯಪ್‌ಗೆ ಮಾತ್ರ ಗ್ರಾಫೀನ್‌ನ ಹೆಚ್ಚುವರಿ ಭದ್ರತೆಯನ್ನು ಸಡಿಲಿಸುವ 'ಎಕ್ಸ್‌ಪ್ಲಾಯ್ಟ್ ಪ್ರೊಟೆಕ್ಷನ್ ಕಂಪ್ಯಾಟಿಬಿಲಿಟಿ ಮೋಡ್' ಆನ್ ಮಾಡಿ ನೋಡಿ. ಯಾವುದೂ ಆಗಲಿಲ್ಲ ಅಂದರೆ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಹಳೇ ಫೋನಿನಲ್ಲೇ ಇರಲಿ, ಯಾಕಂದರೆ ಯುಪಿಐ ಶುರು ಮಾಡುವಾಗ ಅದೇ ಸಿಮ್‌ನಿಂದ ಎಸ್‌ಎಂಎಸ್ ಹೋಗಬೇಕು. ದೊಡ್ಡ ಖಾತೆಯ ಫೋನ್ ಮನೆಯಲ್ಲೇ ಇದ್ದರೆ ಒಳ್ಳೆಯದೇ.

ಗ್ರಾಫೀನ್‌ನಿಂದ ಆಗದ ಕೆಲಸವೂ ಇದೆ. ನೀವು ಯಾವ ಟವರ್ ಹತ್ತಿರ ಇದ್ದೀರಿ, ಯಾರಿಗೆ ಕರೆ ಮಾಡಿದಿರಿ ಅನ್ನುವುದು ಸಿಮ್ ಕಂಪನಿಗೆ ಗೊತ್ತೇ ಇರುತ್ತದೆ. ಯಾರೋ ಮದುವೆ ಆಮಂತ್ರಣ ಅಂತ ವಾಟ್ಸಾಪ್‌ನಲ್ಲಿ ಕಳಿಸಿದ ಎಪಿಕೆ ಫೈಲ್ (ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್) ಒತ್ತಿ, ಕೇಳಿದ್ದಕ್ಕೆಲ್ಲ 'ಅಲೋ' ಕೊಟ್ಟರೆ ಯಾವ ಓಎಸ್ ಕೂಡ ಕಾಯುವುದಿಲ್ಲ.

ಬದಲಿಸುವ ದಿನ ಮರೆಯಬೇಡಿ: ಬೂಟ್‌ಲೋಡರ್ ತೆರೆದ ಕ್ಷಣ ಫೋನಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಫೋಟೋ, ವಾಟ್ಸಾಪ್‌ನ ಲೋಕಲ್ ಬ್ಯಾಕಪ್ ಫೋಲ್ಡರ್, ಮುಖ್ಯವಾಗಿ ಆಥೆಂಟಿಕೇಟರ್ ಆ್ಯಪ್‌ನ (ಲಾಗಿನ್ ಆಗುವಾಗ ಪಾಸ್‌ವರ್ಡ್ ಜೊತೆ ಕೇಳುವ ಕೋಡ್ ಕೊಡುವ ಆ್ಯಪ್) ಕೋಡ್‌ಗಳು, ಇವನ್ನು ಮೊದಲೇ ಬೇರೆ ಕಡೆ ತೆಗೆದಿಡಿ. ಹೊಸದರಲ್ಲಿ ಎಲ್ಲಾ ಲಾಗಿನ್ ಆಗಿ, ಒಂದು ಲೈಟ್ ಬಿಲ್, ಒಂದು ಗ್ಯಾಸ್ ಬುಕ್ಕಿಂಗ್ ಸರಿಯಾಗಿ ಆಗುವ ತನಕ ಹಳೇ ಫೋನ್ ಮಾರಲು ಹೋಗಬೇಡಿ.