ಆರೋಗ್ಯದ ಕಾನೂನಿಗೆ ಮಾರುಕಟ್ಟೆಯ ಬಾಗಿಲು: ಯುರೋಪಿನ ತಂಬಾಕು ಕಾನೂನುಗಳು ನಡೆದು ಬಂದ ದಾರಿ

ಬರ್ಲಿನ್‌ನಲ್ಲೋ ಮ್ಯಾಡ್ರಿಡ್‌ನಲ್ಲೋ ಒಂದು ಸಿಗರೇಟ್ ಪ್ಯಾಕ್ ನೋಡಿ. ಎದುರು ಬದಿ, ಹಿಂಬದಿ ಎರಡರಲ್ಲೂ 65 ಪರ್ಸೆಂಟ್ ಜಾಗವನ್ನು ಎಚ್ಚರಿಕೆಯ ಚಿತ್ರ ಮತ್ತು ಬರಹ ತುಂಬಿಕೊಂಡಿರುತ್ತದೆ. ಇದನ್ನು ಕಡ್ಡಾಯ ಮಾಡಿದ್ದು ಐರೋಪ್ಯ ಒಕ್ಕೂಟದ 2014ರ ತಂಬಾಕು ನಿರ್ದೇಶನ, ಅಂದರೆ ಸದಸ್ಯ ದೇಶಗಳೆಲ್ಲ ತಮ್ಮಲ್ಲಿ ಜಾರಿ ಮಾಡಲೇಬೇಕಾದ ಒಕ್ಕೂಟದ ಕಾನೂನು. ಜನರ ಆರೋಗ್ಯಕ್ಕಾಗಿ ಮಾಡಿದ ಕಾನೂನು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಆದರೆ ಆ ನಿರ್ದೇಶನ ನಿಂತಿರುವುದು ಒಕ್ಕೂಟದ ಒಪ್ಪಂದದಲ್ಲಿರುವ ಆರೋಗ್ಯದ ಕಲಮಿನ ಮೇಲಲ್ಲ. ದೇಶದಿಂದ ದೇಶಕ್ಕೆ ಸರಕು ಸಲೀಸಾಗಿ ಓಡಾಡಬೇಕು ಎನ್ನುವ ಮಾರುಕಟ್ಟೆಯ ಕಲಮಿನ ಮೇಲೆ.

ಈ ವಿಚಿತ್ರ ಅರ್ಥವಾಗದಿದ್ದರೆ ಯುರೋಪಿನ ಆರೋಗ್ಯ ನೀತಿಯ ಜಗಳಗಳು ಯಾವುವೂ ಅರ್ಥವಾಗುವುದಿಲ್ಲ. ಸಿಗರೇಟ್ ಕಂಪನಿಗಳು ಕೋರ್ಟಿನಲ್ಲಿ ಕೇಳುವ ಮೊದಲ ಪ್ರಶ್ನೆ "ಸಿಗರೇಟು ಕೆಟ್ಟದ್ದಾ?" ಅನ್ನುವುದಲ್ಲ. "ಈ ಕಾನೂನು ಮಾಡುವ ಅಧಿಕಾರ ನಿಮಗೆ ಎಲ್ಲಿಂದ ಬಂತು?" ಎನ್ನುವುದು.

ಐರೋಪ್ಯ ಒಕ್ಕೂಟ ಒಂದು ದೇಶವಲ್ಲ. ಸದಸ್ಯ ದೇಶಗಳು ಒಪ್ಪಂದದಲ್ಲಿ ಬರೆದುಕೊಟ್ಟಷ್ಟೇ ಅಧಿಕಾರ ಅದಕ್ಕಿದೆ. 1957ರ ರೋಮ್ ಒಪ್ಪಂದ ವ್ಯಾಪಾರದ ಒಪ್ಪಂದವಾಗಿತ್ತು. ಅಲ್ಲಿ ಆರೋಗ್ಯ ಮುಖ್ಯವಾಗಿ ವಿನಾಯಿತಿಯಾಗಿ ಬರುತ್ತದೆ. ಅಂದರೆ, ಜನರ ಜೀವ ಕಾಪಾಡಲು ಬೇಕಾದರೆ ಒಂದು ದೇಶ ಹೊರಗಿನ ಸರಕನ್ನು ತಡೆಯಬಹುದು ಅಂತ. ಆಸ್ಪತ್ರೆ, ವೈದ್ಯರು, ಲಸಿಕೆ, ವಿಮೆ ಎಲ್ಲ ಆಯಾ ದೇಶದ ಕೈಯಲ್ಲೇ ಉಳಿಯಿತು.

ಆಮೇಲೆ ಅಧಿಕಾರ ಚೂರುಚೂರಾಗಿ ಬಂತು, ಹೆಚ್ಚಿನ ಸಲ ಅನಾಹುತದ ಬೆನ್ನಿಗೇ. ಬಸುರಿಯರು ನುಂಗಿದ ಥಾಲಿಡೊಮೈಡ್ ಮಾತ್ರೆಯಿಂದ ಸಾವಿರಾರು ಮಕ್ಕಳು ಕೈಕಾಲು ಸರಿಯಾಗಿ ಬೆಳೆಯದೆ ಹುಟ್ಟಿದ ಮೇಲೆ, 1965ರಲ್ಲಿ ಔಷಧಗಳಿಗೆ ಮೊದಲ ಸಮಾನ ಕಾನೂನು ಬಂತು. 1992ರ ಮಾಸ್ಟ್ರಿಕ್ಟ್ ಒಪ್ಪಂದದಲ್ಲಿ ಮೊದಲ ಬಾರಿಗೆ ಸಾರ್ವಜನಿಕ ಆರೋಗ್ಯಕ್ಕೆ ಅಂತಲೇ ಒಂದು ಕಲಂ ಸೇರಿತು. 1996ರಲ್ಲಿ ಬ್ರಿಟನ್ನಿನ ಹುಚ್ಚು ಹಸು ರೋಗಕ್ಕೂ ಮನುಷ್ಯರ ಮಿದುಳು ರೋಗಕ್ಕೂ ನಂಟಿರಬಹುದು ಅಂತ ಗೊತ್ತಾಗಿ ಇಡೀ ಯುರೋಪ್ ಬೆಚ್ಚಿತು. ಮರುವರ್ಷದ ಆಮ್ಸ್ಟರ್‌ಡ್ಯಾಮ್ ಒಪ್ಪಂದ ಆ ಕಲಮನ್ನು ಬಲಪಡಿಸಿತು. ಒಕ್ಕೂಟದ ಎಲ್ಲ ನೀತಿಗಳಲ್ಲೂ ಆರೋಗ್ಯಕ್ಕೆ ಉನ್ನತ ಮಟ್ಟದ ರಕ್ಷಣೆ ಇರಲೇಬೇಕು ಎಂದಿತು.

ಆದರೆ ಅದೇ ಕಲಮಿನಲ್ಲಿ ಒಂದು ಬೀಗವೂ ಇತ್ತು. ಆರೋಗ್ಯದ ಹೆಸರಿನಲ್ಲಿ ದೇಶಗಳ ಕಾನೂನುಗಳನ್ನು ಒಂದೇ ಥರ ಮಾಡುವ ಹಾಗಿಲ್ಲ. ರಕ್ತ, ಅಂಗಾಂಗಗಳ ಗುಣಮಟ್ಟದಂಥ ಕೆಲವನ್ನು ಬಿಟ್ಟರೆ ಉಳಿದದ್ದಕ್ಕೆ ಪ್ರೋತ್ಸಾಹ ಕೊಡಬಹುದು, ಹಣ ಕೊಡಬಹುದು, ಸಲಹೆ ಕೊಡಬಹುದು. ಅಷ್ಟೆ. ಇವತ್ತು ಜಾರಿಯಲ್ಲಿರುವ ಲಿಸ್ಬನ್ ಒಪ್ಪಂದದ 168ನೇ ಕಲಮಿನಲ್ಲೂ ಆ ಬೀಗ ಹಾಗೇ ಇದೆ.

ತಂಬಾಕಿನ ಕಥೆ ಶುರುವಾಗುವುದು ಇಲ್ಲಿಂದಲೇ.

1980ರ ದಶಕದ ಕೊನೆಗೆ ಒಕ್ಕೂಟ 'ಕ್ಯಾನ್ಸರ್ ವಿರುದ್ಧ ಯುರೋಪ್' ಎಂಬ ಕಾರ್ಯಕ್ರಮ ಆರಂಭಿಸಿತ್ತು. 1989ರಲ್ಲಿ ಟಿವಿಯಲ್ಲಿ ತಂಬಾಕು ಜಾಹೀರಾತು ನಿಲ್ಲಿಸುವ, ಪ್ಯಾಕಿನ ಮೇಲೆ ಎಚ್ಚರಿಕೆ ಬರಹ ಕಡ್ಡಾಯ ಮಾಡುವ ನಿರ್ದೇಶನಗಳು ಬಂದವು. ಅದೇ ವರ್ಷ ಪತ್ರಿಕೆ, ಪೋಸ್ಟರುಗಳ ಜಾಹೀರಾತಿಗೂ ಕಡಿವಾಣ ಹಾಕುವ ಕರಡು ಸದಸ್ಯ ದೇಶಗಳ ಮಂತ್ರಿಗಳ ಮಂಡಳಿಯ ಮುಂದೆ ಬಂತು. ಕೆಲವೇ ವರ್ಷಗಳಲ್ಲಿ ಅದು ಪೂರ್ತಿ ನಿಷೇಧದ ಕರಡಾಯಿತು. ಅದು ಪಾಸಾಗಲು ಭಾರೀ ಬಹುಮತ ಬೇಕಿತ್ತು. ಜರ್ಮನಿ, ಬ್ರಿಟನ್ ಸೇರಿ ಕೆಲವು ದೇಶಗಳು ಬೇಡ ಎಂದವು. ಕರಡು ವರ್ಷಗಟ್ಟಲೆ ಅಲ್ಲೇ ಕೂತಿತು.

ಆ ಹೊತ್ತಿನಲ್ಲಿ ಇನ್ನೊಂದು ಕಡೆ ಏನು ನಡೆಯುತ್ತಿತ್ತು ಎನ್ನುವುದನ್ನೂ ಹೇಳಬೇಕು. 1970ರಿಂದಲೂ ಒಕ್ಕೂಟ ಗ್ರೀಸ್, ಇಟಲಿಯಂಥ ದೇಶಗಳ ತಂಬಾಕು ಬೆಳೆಗಾರರಿಗೆ ಸಹಾಯಧನ ಕೊಡುತ್ತಿತ್ತು. 2000ದ ಆಸುಪಾಸಿನಲ್ಲಿ ಅದು ವರ್ಷಕ್ಕೆ 100 ಕೋಟಿ ಯೂರೋ ಹತ್ತಿರ ಇತ್ತು. ಕ್ಯಾನ್ಸರ್ ತಡೆಯುವ ಕೆಲಸಕ್ಕೆ ಸಿಗುತ್ತಿದ್ದ ಹಣ ಇದರ ಮುಂದೆ ಏನೇನೂ ಅಲ್ಲ. ಬೆಳೆಗಾರರು ಬಡವರು, ಆ ಒಣ ನೆಲದಲ್ಲಿ ಬೇರೆ ಬೆಳೆ ಕಷ್ಟ, ಅದೂ ನಿಜವೇ. ಬೆಳೆಗೆ ಜೋಡಿಸಿದ ಈ ಸಹಾಯಧನ ಪೂರ್ತಿ ನಿಂತದ್ದು 2010ರಲ್ಲಿ.

1997ರಲ್ಲಿ ಬ್ರಿಟನ್ನಿನಲ್ಲಿ ಸರ್ಕಾರ ಬದಲಾಯಿತು, ಅದರೊಂದಿಗೆ ಅದರ ನಿಲುವೂ ಬದಲಾಯಿತು. ಸಿಗರೇಟ್ ಕಂಪನಿಗಳ ಪ್ರಾಯೋಜಕತ್ವವಿದ್ದ ಫಾರ್ಮುಲಾ ಒನ್ ಕಾರ್ ರೇಸಿಗೆ ಹೆಚ್ಚು ಕಾಲಾವಕಾಶ ಕೊಡುವ ಬಗ್ಗೆ ದೊಡ್ಡ ಗಲಾಟೆಯಾಗಿ, ಕೊನೆಗೆ 1998ರ ಜುಲೈನಲ್ಲಿ ನಿಷೇಧ ಪಾಸಾಯಿತು. ಆರೋಗ್ಯದ ಕಲಮಿಗೆ ಬೀಗ ಇದ್ದದ್ದರಿಂದ ಮಾರುಕಟ್ಟೆಯ ಕಲಮನ್ನೇ ಹಿಡಿದರು. ವಾದ ಹೀಗಿತ್ತು: ಒಂದೊಂದು ದೇಶದಲ್ಲಿ ಒಂದೊಂದು ಜಾಹೀರಾತು ನಿಯಮ ಇದ್ದರೆ ವ್ಯಾಪಾರಕ್ಕೆ ಅಡ್ಡಿ. ಎಲ್ಲ ಕಡೆ ನಿಷೇಧಿಸಿದರೆ ನಿಯಮ ಒಂದೇ ಆಗುತ್ತದೆ.

ಜರ್ಮನಿ ಲಕ್ಸೆಂಬರ್ಗ್‌ನಲ್ಲಿರುವ ಒಕ್ಕೂಟದ ನ್ಯಾಯಾಲಯಕ್ಕೆ ಹೋಯಿತು. 2000ದ ಅಕ್ಟೋಬರ್ 5ರಂದು ಬಂದ ತೀರ್ಪು ಯುರೋಪಿನ ಕಾನೂನು ವಿದ್ಯಾರ್ಥಿಗಳು ಇವತ್ತಿಗೂ ಓದುವ ತೀರ್ಪು. ಇಡೀ ನಿರ್ದೇಶನವನ್ನೇ ಕೋರ್ಟ್ ರದ್ದು ಮಾಡಿತು. ಮಾರುಕಟ್ಟೆಯ ಕಲಂ ಎಂದರೆ ಏನನ್ನು ಬೇಕಾದರೂ ನಿಯಂತ್ರಿಸುವ ಪರವಾನಗಿಯಲ್ಲ ಎಂದಿತು. ಪತ್ರಿಕೆಗಳು ಗಡಿ ದಾಟುತ್ತವೆ, ಅವುಗಳ ಮೇಲಿನ ನಿಯಮ ಮಾರುಕಟ್ಟೆಗೆ ಸಂಬಂಧಪಟ್ಟದ್ದು, ಸರಿ. ಆದರೆ ಹೋಟೆಲಿನ ಬೂದಿ ತಟ್ಟೆ, ಬಿಸಿಲಿಗೆ ಹಿಡಿಯುವ ದೊಡ್ಡ ಛತ್ರಿ, ಸಿನಿಮಾ ಮಂದಿರದ ಜಾಹೀರಾತು? ಅವನ್ನು ನಿಷೇಧಿಸಿದರೆ ಯಾವ ವ್ಯಾಪಾರ ಸಲೀಸಾಗುತ್ತದೆ? ಇದಕ್ಕೆ ಕಾನೂನು ಮಾಡಿದವರ ಬಳಿ ಒಳ್ಳೆಯ ಉತ್ತರ ಇರಲಿಲ್ಲ. ನಿಜವಾದ ಉತ್ತರ "ಜನ ಸಾಯುತ್ತಿದ್ದಾರೆ" ಎನ್ನುವುದು. ಅದನ್ನೇ ಆಧಾರ ಮಾಡಿಕೊಳ್ಳಲು ಒಪ್ಪಂದ ಬಿಡುತ್ತಿರಲಿಲ್ಲ.

ಆದರೆ ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿತು. ಕಾನೂನು ನಿಜವಾಗಿಯೂ ಮಾರುಕಟ್ಟೆಯ ಅಡ್ಡಿ ತೆಗೆಯುತ್ತಿದ್ದರೆ, ಅದನ್ನು ಮಾಡುವಾಗ ಆರೋಗ್ಯವೇ ನಿರ್ಣಾಯಕ ಕಾರಣವಾಗಿದ್ದರೂ ತಪ್ಪಿಲ್ಲ. ಸೋತವರು ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. 2003ರಲ್ಲಿ ಹೊಸ ನಿರ್ದೇಶನ ಬಂತು. ಪತ್ರಿಕೆ, ರೇಡಿಯೋ, ಇಂಟರ್ನೆಟ್, ಗಡಿ ದಾಟುವ ಪ್ರಾಯೋಜಕತ್ವ, ಇಷ್ಟಕ್ಕೆ ಮಾತ್ರ ನಿಷೇಧ. ಛತ್ರಿ, ಬೂದಿ ತಟ್ಟೆ, ಪೋಸ್ಟರ್ ಬಿಟ್ಟರು. ಜರ್ಮನಿ ಮತ್ತೆ ಕೋರ್ಟಿಗೆ ಹೋಯಿತು, 2006ರ ಡಿಸೆಂಬರ್‌ನಲ್ಲಿ ಸೋತಿತು.

ಈ ನಿಷೇಧವನ್ನು ದೇಶಗಳು ಜಾರಿ ಮಾಡಲು ಕೊನೆಯ ಗಡುವು 2005ರ ಜುಲೈ ಅಂತ್ಯ. ಮೊದಲ ಕರಡಿನಿಂದ ಲೆಕ್ಕ ಹಾಕಿದರೆ ಹದಿನಾರು ವರ್ಷ. 1989ರಲ್ಲಿ ಹುಟ್ಟಿದ ಮಗು ಅಷ್ಟೊತ್ತಿಗೆ ಹೈಸ್ಕೂಲಿನಲ್ಲಿತ್ತು. ಸೇದುವವರಲ್ಲಿ ಹೆಚ್ಚಿನವರು ಚಟ ಹತ್ತಿಸಿಕೊಳ್ಳುವುದೇ ಆ ವಯಸ್ಸಿನಲ್ಲಿ. ಕೋರ್ಟಿನ ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಬರೆದುಕೊಡದ ಅಧಿಕಾರವನ್ನು ಯಾರೂ ಸುಮ್ನೆ ತೆಗೆದುಕೊಳ್ಳಬಾರದು, ಒಳ್ಳೆಯ ಉದ್ದೇಶಕ್ಕೂ ಕೂಡ. ಆದರೆ ಆ ವರ್ಷಗಳಿಗೆ ಬೆಲೆ ತೆತ್ತವರು ಒಪ್ಪಂದಕ್ಕೆ ಸಹಿ ಹಾಕಿದವರಲ್ಲ ಎನ್ನುವುದನ್ನೂ ಮರೆಯಲಾಗದು. ಕೈಬಿಟ್ಟ ಪೋಸ್ಟರುಗಳ ಗತಿ ನೋಡಿ: ಜರ್ಮನಿಯ ಬೀದಿಗಳಲ್ಲಿ ಸಿಗರೇಟಿನ ದೊಡ್ಡ ಜಾಹೀರಾತು ಫಲಕಗಳಿಗೆ ನಿಷೇಧ ಬಂದದ್ದು 2022ರಲ್ಲಿ, ಅದೂ ಆ ದೇಶದ್ದೇ ಕಾನೂನಿನಿಂದ.

ಮಾರುಕಟ್ಟೆಯ ಬಾಗಿಲಿನಿಂದ ಬಂದ ಕಾನೂನುಗಳು ಒಮ್ಮೊಮ್ಮೆ ಸೊಟ್ಟಗೂ ಇರುತ್ತವೆ. ಸ್ವೀಡನ್ನಿನ 'ಸ್ನುಸ್' ಇದಕ್ಕೆ ಉದಾಹರಣೆ. ಅದು ತುಟಿಯೊಳಗೆ ಇಟ್ಟುಕೊಳ್ಳುವ ಒದ್ದೆ ತಂಬಾಕು. 1992ರಲ್ಲಿ ಒಕ್ಕೂಟ ಅಂಥ ತಂಬಾಕನ್ನು ನಿಷೇಧಿಸಿತ್ತು. 1995ರಲ್ಲಿ ಸ್ವೀಡನ್ ಒಕ್ಕೂಟ ಸೇರುವಾಗ ತನಗೆ ವಿನಾಯಿತಿ ಪಡೆದುಕೊಂಡಿತು. ಹಾಗಾಗಿ ಸ್ವೀಡನ್ನಿನಲ್ಲಿ ಅಂಗಡಿಯಲ್ಲಿ ಸಿಗುವ ವಸ್ತುವನ್ನು ಪಕ್ಕದ ಡೆನ್ಮಾರ್ಕಿನಲ್ಲಿ ಮಾರುವಂತಿಲ್ಲ. ಒಂದೇ ಮಾರುಕಟ್ಟೆ ಕಟ್ಟಬೇಕಾದ ಕಲಮಿನ ಮೇಲೆಯೇ ನಿಂತ ನಿಷೇಧ ಇದು. ಸಿಗರೇಟಿಗಿಂತ ಇದರ ಹಾನಿ ಕಡಿಮೆ ಅಂತ ಕಂಪನಿಗಳು ವಾದಿಸಿದವು. ಕೋರ್ಟ್ 2004ರಲ್ಲೂ 2018ರಲ್ಲೂ ನಿಷೇಧವನ್ನು ಎತ್ತಿಹಿಡಿಯಿತು.

65 ಪರ್ಸೆಂಟ್ ಚಿತ್ರ, ಮೆಂಥಾಲ್ ಸಿಗರೇಟಿನ ನಿಷೇಧ, ಇ-ಸಿಗರೇಟಿಗೆ ಮೊದಲ ನಿಯಮಗಳು ಬಂದದ್ದು 2014ರ ನಿರ್ದೇಶನದಿಂದ. ಅದನ್ನೂ ಪ್ರಶ್ನಿಸಿದರು. 2016ರ ಮೇ 4ರಂದು ಕೋರ್ಟ್ ಮೂರು ಬೇರೆ ಬೇರೆ ಕೇಸುಗಳಲ್ಲಿ ನಿರ್ದೇಶನದ ಪರ ತೀರ್ಪು ಕೊಟ್ಟಿತು. ಹೆಚ್ಚುಕಮ್ಮಿ ಅದೇ ಕಾಲಕ್ಕೆ ನಮ್ಮಲ್ಲೂ ಇಂಥದ್ದೇ ಜಗಳ ನಡೆದಿತ್ತು. ಭಾರತದಲ್ಲಿ 2016ರ ಏಪ್ರಿಲ್‌ನಿಂದ 85 ಪರ್ಸೆಂಟ್ ಎಚ್ಚರಿಕೆ ಜಾರಿಯಾಯಿತು. 2017ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮಗಳನ್ನು ರದ್ದು ಮಾಡಿತು, ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರ ಚಿಂತೆಗೂ ಗ್ರೀಸಿನ ಬೆಳೆಗಾರರ ಚಿಂತೆಗೂ ಅಂಥ ವ್ಯತ್ಯಾಸವಿಲ್ಲ.

ಮದ್ಯದ ವಿಷಯದಲ್ಲಿ ದಿಕ್ಕೇ ಬೇರೆ. ಅಲ್ಲಿ ಕಾನೂನು ಮಾಡಲು ಹೊರಟದ್ದು ಸ್ಕಾಟ್ಲೆಂಡ್, ತಡೆಯಾಗಿ ಬಂದದ್ದು ಒಕ್ಕೂಟದ ಮಾರುಕಟ್ಟೆ ನಿಯಮ. ಅಗ್ಗದ ಮದ್ಯ ಜಾಸ್ತಿ ಹಾನಿ ಮಾಡುತ್ತಿದೆ ಅಂತ ಅಲ್ಲಿನ ಸಂಸತ್ತು 2012ರಲ್ಲಿ ಕನಿಷ್ಠ ಬೆಲೆಯ ಕಾನೂನು ಪಾಸು ಮಾಡಿತು. ವಿಸ್ಕಿ ತಯಾರಕರ ಸಂಘ ಕೋರ್ಟಿಗೆ ಹೋಯಿತು. ಲಕ್ಸೆಂಬರ್ಗ್ ಸುತ್ತಿ, ಬ್ರಿಟನ್ನಿನ ಸುಪ್ರೀಂ ಕೋರ್ಟಿನಲ್ಲಿ ಗೆದ್ದು ಕಾನೂನು ಜಾರಿಯಾಗುವಾಗ 2018ರ ಮೇ ಬಂದಿತ್ತು. ಆರು ವರ್ಷ.

ಕೋವಿಡ್ ಬಂದಾಗ ಈ ಹಳೆಯ ಬೀಗ ಎಲ್ಲರಿಗೂ ಕಂಡಿತು. 2020ರ ಮಾರ್ಚ್‌ನಲ್ಲಿ ಇಟಲಿ ಒದ್ದಾಡುತ್ತಿದ್ದಾಗ ಕೆಲವು ಸದಸ್ಯ ದೇಶಗಳು ಮಾಸ್ಕ್ ರಫ್ತನ್ನೇ ನಿಲ್ಲಿಸಿದವು. ಆಮೇಲೆ ಲಸಿಕೆಯನ್ನು ಒಟ್ಟಿಗೆ ಖರೀದಿಸಿದರು, 2022ರಲ್ಲಿ ಗಡಿ ದಾಟುವ ಆರೋಗ್ಯ ಅಪಾಯಗಳಿಗೆ ಹೊಸ ಕಾನೂನು ಮಾಡಿದರು. 168ನೇ ಕಲಮನ್ನು ಮಾತ್ರ ಮುಟ್ಟಲಿಲ್ಲ. ಅದಕ್ಕೆ ಒಪ್ಪಂದವನ್ನೇ ತಿದ್ದಬೇಕು, ಪ್ರತಿಯೊಂದು ದೇಶವೂ ಒಪ್ಪಬೇಕು.

ಈಗ ಜಗಳ ನಿಕೋಟಿನ್ ಪೌಚ್‌ಗಳದ್ದು. ಸ್ನುಸ್ ಥರವೇ ತುಟಿಯೊಳಗೆ ಇಡುವ ಪುಟ್ಟ ಚೀಲ, ಒಳಗೆ ತಂಬಾಕಿನ ಎಲೆ ಇಲ್ಲ, ನಿಕೋಟಿನ್ ಮಾತ್ರ. 2014ರ ನಿರ್ದೇಶನ ಬರೆಯುವಾಗ ಇವು ಯಾರ ಗಮನದಲ್ಲೂ ಇರಲಿಲ್ಲ. ಹಾಗಾಗಿ ಆ ನಿರ್ದೇಶನದಲ್ಲಿ ಇವುಗಳಿಗೆ ನಿಯಮವಿಲ್ಲ. ಬೆಲ್ಜಿಯಂ 2023ರಲ್ಲಿ ನಿಷೇಧಿಸಿತು, ಇನ್ನು ಕೆಲವು ಕಡೆ ರಾಜಾರೋಷವಾಗಿ ಮಾರುತ್ತಾರೆ. ದೇಶಕ್ಕೊಂದು ನಿಯಮ ಇರುವುದರಿಂದ ಮಾರುಕಟ್ಟೆಯ ಕಲಮಿಗೆ ಮತ್ತೆ ಕೆಲಸ ಬರಬಹುದು. 2025ರ ಜುಲೈನಲ್ಲಿ ಒಕ್ಕೂಟದ ಕಾನೂನುಗಳ ಕರಡು ಬರೆಯುವ ಐರೋಪ್ಯ ಆಯೋಗ ತಂಬಾಕು ತೆರಿಗೆಯ ಹಳೆಯ ನಿರ್ದೇಶನವನ್ನು ಬದಲಿಸಿ, ಇ-ಸಿಗರೇಟ್, ಪೌಚ್‌ಗಳನ್ನೂ ಅದರೊಳಗೆ ತರುವ ಕರಡು ಮುಂದಿಟ್ಟಿತು. ತೆರಿಗೆಯ ವಿಷಯಕ್ಕೆ ಬಹುಮತ ಸಾಲದು, 27 ದೇಶಗಳೂ ಹೂಂ ಅನ್ನಬೇಕು.