ಒಂದೂವರೆ ಪಿಕೋಫ್ಯಾರಡ್ ಕೈಗುಣ

ತಿಪಟೂರಿನ ನಮ್ಮ ದೊಡ್ಡಪ್ಪನವರ ಕೈಗುಣಕ್ಕೆ ಬೀದಿಯಲ್ಲೆಲ್ಲ ಹೆಸರಿತ್ತು. ಅವರು ನೆಟ್ಟ ತೆಂಗಿನ ಸಸಿಗಳಿಂದ ಬಂದ ಹೆಸರಲ್ಲ, ರೇಡಿಯೊದಿಂದ ಬಂದದ್ದು. ಹಲಗೆಯ ಮೇಲೆ ತಾವೇ ಜೋಡಿಸಿಕೊಂಡ ಒಂಟಿ ವಾಲ್ವಿನ ಸೆಟ್ಟು ಅದು. ಅದಕ್ಕೆ ಪೆಟ್ಟಿಗೆಯೂ ಇರಲಿಲ್ಲ, ಸ್ಪೀಕರೂ ಇರಲಿಲ್ಲ. ಹೆಡ್‌ಫೋನನ್ನು ಹಿತ್ತಾಳೆಯ ಬೋಗುಣಿಯಲ್ಲಿಟ್ಟರೆ ನಡುಮನೆಯಲ್ಲಿ ಕೂತವರಿಗೆಲ್ಲ ಸಣ್ಣಗೆ ಹಾಡು ಕೇಳುತ್ತಿತ್ತು. ಬೇರೆ ಯಾರು ಮುಟ್ಟಿದರೂ ಕುಂಯ್ ಎಂದು ನಾಯಿಮರಿಯಂತೆ ಅಳುತ್ತಿದ್ದ ಆ ಸೆಟ್ಟು, ದೊಡ್ಡಪ್ಪ ಎದುರಿಗೆ ಕೂತರೆ ಲಂಕೆಯ ರೇಡಿಯೊ ಸಿಲೋನನ್ನು ಹಿಡಿದುಕೊಡುತ್ತಿತ್ತು. "ರಾಯರ ಕೈಯಲ್ಲಿ ಏನೋ ಇದೆ" ಎಂದು ಎದುರುಮನೆಯವರು ಹೇಳುತ್ತಿದ್ದರು.

ನನಗೂ ಅದರಲ್ಲಿ ನಂಬಿಕೆ ಬಂದಿತ್ತು, ಏಕೆಂದರೆ ಪುರಾವೆ ಕಣ್ಣೆದುರಿಗೇ ಇತ್ತು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದೆ. ಹಾಡು ಬಂತು. ಕೈ ತೆಗೆದೆ, ಹೋಯಿತು. ಮತ್ತೆ ಕೈ ಹತ್ತಿರ ತಂದೆ, ಮುಟ್ಟದಿದ್ದರೂ ಬಂತು! ಹತ್ತು ವರ್ಷದ ಹುಡುಗನಿಗೆ ಇದಕ್ಕಿಂತ ದೊಡ್ಡ ಪವಾಡ ಬೇಕೇ? ಕೈಯನ್ನು ಗಾಳಿಯಲ್ಲಿ ಹಿಂದೆ ಮುಂದೆ ಆಡಿಸುತ್ತ ಅರ್ಧ ಗಂಟೆ ಕೂತಿದ್ದೆ.

ಅಂಥ ಪವಾಡಗಳಿಗೆ ಈಗಲೂ ಗಿರಾಕಿಗಳಿದ್ದಾರೆ. ದೇಹದ 'ಫ್ರೀಕ್ವೆನ್ಸಿ'ಯನ್ನು ವಿಶ್ವದ ಫ್ರೀಕ್ವೆನ್ಸಿಗೆ 'ಟ್ಯೂನ್' ಮಾಡುವ ಬಳೆ, ಪದಕ, ಪಿರಮಿಡ್ಡುಗಳನ್ನು ಮಾರುವವರ ಮಾತು ಕೇಳಿದಾಗಲೆಲ್ಲ ನನಗೆ ಆ ಸೆಟ್ಟು ನೆನಪಾಗುತ್ತದೆ. ಎಷ್ಟು ಕಿಲೋಹರ್ಟ್ಸ್ ಎಂದು ಕೇಳಿ ನೋಡಿ, ಉತ್ತರ ಬರುವುದಿಲ್ಲ. ದೊಡ್ಡಪ್ಪನವರ ಕೈಗುಣಕ್ಕಾದರೆ ಲೆಕ್ಕವಿದೆ. ಧಾರಕತೆಯ (ವಿದ್ಯುದಾವೇಶವನ್ನು ಹಿಡಿದಿಡುವ ಶಕ್ತಿಯ) ಅಳತೆಯಲ್ಲಿ ಅದು ಸುಮಾರು ಒಂದೂವರೆ ಪಿಕೋಫ್ಯಾರಡ್.

ತಂತಿಯ ಸುರುಳಿಗೆ ಕಂಡೆನ್ಸರ್ ಜೋಡಿಸಿದರೆ ಅದು ಒಂದು ಕಂಪನಾಂಕಕ್ಕೆ (ಫ್ರೀಕ್ವೆನ್ಸಿಗೆ) ಮಾತ್ರ ಮಿಡಿಯುತ್ತದೆ ಎಂಬುದು ಶಾಲೆಯ ಪಾಠ, ಅದನ್ನು ಇಲ್ಲಿ ಮತ್ತೆ ಒಪ್ಪಿಸುವುದಿಲ್ಲ. ಗಮನಿಸಬೇಕಾದದ್ದು ಬೇರೆ. ಎರಡು ಲೋಹದ ತಗಡುಗಳ ನಡುವೆ ಗಾಳಿ ಇದ್ದರೆ ಅದೇ ಕಂಡೆನ್ಸರ್. ಹಳೆಯ ರೇಡಿಯೊಗಳ ಟ್ಯೂನಿಂಗ್ ಗುಂಡಿಯ ಹಿಂದೆ ಇರುತ್ತಿದ್ದುದು ಅಂಥ ತಗಡುಗಳ ಎರಡು ಕಂತೆ, ಒಂದು ಅಲುಗಾಡದ್ದು, ಇನ್ನೊಂದು ಅದರ ಸಂದುಗಳಲ್ಲಿ ನುಸುಳುವಂಥದ್ದು. ಉಪ್ಪುನೀರಿನ ಚೀಲವಾದ ನಮ್ಮ ದೇಹಕ್ಕೂ ವಿದ್ಯುತ್ ಹರಿಯುತ್ತದೆಯಾದ್ದರಿಂದ ಅಂಗೈಯೂ ಒಂದು ತಗಡೇ. ಎಂಬತ್ತು ಚದರ ಸೆಂಟಿಮೀಟರಿನ ಅಂಗೈಯನ್ನು ಕಂಡೆನ್ಸರಿನಿಂದ ಐದು ಸೆಂಟಿಮೀಟರ್ ದೂರದಲ್ಲಿ ಹಿಡಿದರೆ, ಪುಸ್ತಕದ ಸೂತ್ರದ ಪ್ರಕಾರ, ಹುಟ್ಟುವ ಹೆಚ್ಚುವರಿ ಧಾರಕತೆ 1.4 ಪಿಕೋಫ್ಯಾರಡ್. ಸೆಟ್ಟಿನೊಳಗಿನ ಕಂಡೆನ್ಸರು ಅರ್ಧ ತಿರುಗಿದಾಗ ಹೆಚ್ಚುಕಡಿಮೆ 200 ಪಿಕೋಫ್ಯಾರಡ್ ಇರುತ್ತದೆ. ಅಂದರೆ ಅಂಗೈ ಸೇರಿಸಿದ್ದು ಶೇಕಡಾ 0.7. ವರ್ಗಮೂಲದ ನಿಯಮದಿಂದ ಕಂಪನಾಂಕ ಅದರರ್ಧ, ಶೇಕಡಾ 0.35ರಷ್ಟು ಕೆಳಗಿಳಿಯುತ್ತದೆ.

ಇಷ್ಟು ಸಣ್ಣ ಸಂಖ್ಯೆಯಿಂದ ಏನಾದೀತು ಎನ್ನುವವರು ಬಡ್ಡಿಯ ಲೆಕ್ಕವನ್ನು ನೆನೆಯಬೇಕು. ದರ ಒಂದೇ ಆದರೂ ಅಸಲು ದೊಡ್ಡದಾದಷ್ಟೂ ಬಡ್ಡಿ ಬೆಳೆಯುತ್ತದೆ. ಇಂಗ್ಲೆಂಡಿನ ಡ್ರಾಯ್ಟ್‌ವಿಚ್‌ನಿಂದ ಬಿಬಿಸಿ ದಶಕಗಳ ಕಾಲ ದೀರ್ಘ ತರಂಗದಲ್ಲಿ, 1500 ಮೀಟರ್ ಉದ್ದದ ಅಲೆಯಲ್ಲಿ, ಪ್ರಸಾರ ಮಾಡುತ್ತಿತ್ತು. ಅಲೆ ಚಿಕ್ಕದಾದಷ್ಟೂ ಕಂಪನಾಂಕ ಹೆಚ್ಚು. ಅದು 200 ಕಿಲೋಹರ್ಟ್ಸ್. ಅಲ್ಲಿ ಅಂಗೈ ತೋರಿದರೆ ಸೆಟ್ಟು ಜರುಗುವುದು 0.7 ಕಿಲೋಹರ್ಟ್ಸ್, ಕಿವಿಗೆ ಗೊತ್ತೇ ಆಗುವುದಿಲ್ಲ. ಮಧ್ಯಮ ತರಂಗದಲ್ಲಿ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ನಲ್ಲಿ ಜರುಗುವುದು ಸುಮಾರು ಎರಡು ಕಿಲೋಹರ್ಟ್ಸ್, ದನಿ ಕೊಂಚ ಮಂಕಾದೀತು ಅಷ್ಟೇ. ಅದೇ ಕಂಡೆನ್ಸರಿಗೆ ಸಣ್ಣ ಸುರುಳಿ ಹಾಕಿ, ರೇಡಿಯೊ ಸಿಲೋನ್ ಇದ್ದ 25 ಮೀಟರ್ ಬ್ಯಾಂಡಿಗೆ ಬನ್ನಿ. ಅಲ್ಲಿ ಅಸಲು 12,000 ಕಿಲೋಹರ್ಟ್ಸ್‌ಗೆ ಹತ್ತಿರ. ಬಡ್ಡಿ 42 ಕಿಲೋಹರ್ಟ್ಸ್! ಕಿರು ತರಂಗದಲ್ಲಿ ಐದೈದು ಕಿಲೋಹರ್ಟ್ಸ್‌ಗೆ ಒಂದೊಂದು ನಿಲಯಕ್ಕೆ ಜಾಗ. ಅಂಗೈಯನ್ನು ಬರಿದೇ ಹಿಂದಕ್ಕೆಳೆದುಕೊಂಡರೆ ಎಂಟು ನಿಲಯಗಳನ್ನು ದಾಟಿಹೋದಂತೆ. ನನ್ನ ಮಧ್ಯಾಹ್ನದ ಪವಾಡ ಇಷ್ಟೇ.

ಟ್ಯೂನಿಂಗ್ ಎಂಬ ಮಾತೇ ರೇಡಿಯೊಗೆ ತಡವಾಗಿ ಬಂದದ್ದು. ಮೊದಮೊದಲು ಕಿಡಿ ಹಾರಿಸಿ ಸಂದೇಶ ಕಳಿಸುತ್ತಿದ್ದಾಗ ಅಲೆ ಎಲ್ಲ ಕಂಪನಾಂಕಗಳಲ್ಲೂ ಚೆಲ್ಲಾಡುತ್ತಿತ್ತು, ಕೇಳುವವನಿಗೆ ಆರಿಸಿಕೊಳ್ಳುವ ಅವಕಾಶವೇ ಇರಲಿಲ್ಲ. ಆಲಿವರ್ ಲಾಡ್ಜ್ 1897ರಲ್ಲಿ, ಮಾರ್ಕೋನಿ 1900ರಲ್ಲಿ ಶ್ರುತಿ ಕೂಡಿಸುವ ವಿಧಾನಗಳಿಗೆ ಪೇಟೆಂಟ್ ಪಡೆದರು. ಬ್ರಿಟನ್ನಿನಲ್ಲಿ ಮಾರ್ಕೋನಿಯದಕ್ಕೆ ಬಿದ್ದ ಸಂಖ್ಯೆ 7777. ಆ ನಾಲ್ಕು ಏಳುಗಳ ಅಮೆರಿಕನ್ ಜೋಡಿ ಪೇಟೆಂಟಿನ ಸುತ್ತ ನಡೆದ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 1943ರಲ್ಲಿ, ಆ ವೇಳೆಗೆ ಇಬ್ಬರೂ ತೀರಿಕೊಂಡಿದ್ದರು. ಪೇಟೆಂಟ್ ಬಂದೊಡನೆ ಲೋಕ ಶ್ರುತಿಗೆ ಬರಲಿಲ್ಲ ಎಂಬುದಕ್ಕೆ 1901ರ ಅಮೆರಿಕಾಸ್ ಕಪ್ ಹಾಯಿದೋಣಿ ಸ್ಪರ್ಧೆಯೇ ಸಾಕ್ಷಿ. ಪೈಪೋಟಿಯ ಕಂಪನಿಗಳು ಒಟ್ಟಿಗೆ ಸುದ್ದಿ ಕಳಿಸಲು ಹೋಗಿ ಒಬ್ಬರ ಮಾತನ್ನು ಇನ್ನೊಬ್ಬರು ಕೆಡಿಸಿದರು. ಒಂದೇ ಪಡಸಾಲೆಯಲ್ಲಿ ಮೂರು ಹರಿಕಥೆ!

ಆಗಿನವರು ಬೆಲೆಬಾಳುವ ಆಸ್ತಿ ಎಂದುಕೊಂಡಿದ್ದುದು ಉದ್ದದ ಅಲೆಗಳನ್ನು. ಇನ್ನೂರು ಮೀಟರಿಗಿಂತ ಚಿಕ್ಕವು ಉಪಯೋಗಕ್ಕೆ ಬಾರದ ಬರಡು ನೆಲ ಎಂದು 1912ರಲ್ಲಿ ಅಮೆರಿಕ ಅವನ್ನು ಹವ್ಯಾಸಿಗಳಿಗೆ ಬಿಟ್ಟುಕೊಟ್ಟಿತು. 1923ರ ನವೆಂಬರಿನಲ್ಲಿ ಫ್ರಾನ್ಸಿನ ನೀಸ್ ನಗರದ ಲಿಯೋನ್ ಡೆಲಾಯ್ ಎಂಬ ಹವ್ಯಾಸಿ ಸುಮಾರು ನೂರಹತ್ತು ಮೀಟರಿನಲ್ಲಿ ಅಟ್ಲಾಂಟಿಕ್ ಆಚೆಯ ಹವ್ಯಾಸಿಗಳೊಂದಿಗೆ ಎರಡೂ ಕಡೆಯಿಂದ ಮಾತಾಡಿದಾಗ ಬರಡು ನೆಲದಲ್ಲಿ ಚಿನ್ನ ಸಿಕ್ಕಂತಾಯಿತು. ವಾಯುಮಂಡಲದ ಮೇಲ್ಭಾಗದಲ್ಲಿ ವಿದ್ಯುತ್ಕಣಗಳು ತುಂಬಿದ ಪದರವಾದ ಅಯಾನುಗೋಲ ಆ ಅಲೆಗಳನ್ನು ಕನ್ನಡಿಯಂತೆ ಕೆಳಕ್ಕೆ ಮರಳಿಸುತ್ತಿತ್ತು. 1932ರ ಡಿಸೆಂಬರಿನಲ್ಲಿ ಬಿಬಿಸಿಯ ಸಾಮ್ರಾಜ್ಯ ಸೇವೆ ಕಿರು ತರಂಗದಲ್ಲೇ ಶುರುವಾಯಿತು. ಮೂರು ವರ್ಷದ ನಂತರ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 'ಆಕಾಶವಾಣಿ'ಯನ್ನು ಆರಂಭಿಸುವ ಹೊತ್ತಿಗೆ, ದೂರದ ದೇಶಗಳಿಗೆ ಕಿವಿಗೊಡುವುದು ಉಳ್ಳವರ ಮನೆಯ ರಾತ್ರಿಯ ಚಟವಾಗಿತ್ತು.

ಕೇಳುಗರ ಬೆರಳು ಮಾತ್ರ ಹಿಂದಿನದೇ. ಡಯಲ್ಲು ತಿರುಗುವುದು 180 ಡಿಗ್ರಿ. ಮಧ್ಯಮ ತರಂಗದಲ್ಲಿ ಅಷ್ಟರೊಳಗೆ ನೂರಿಪ್ಪತ್ತು ನಿಲಯಗಳಿಗೆ ಜಾಗ, ಒಂದೊಂದಕ್ಕೂ ಒಂದೂವರೆ ಡಿಗ್ರಿ, ಬೆರಳಿಗೆ ಕಷ್ಟವಿಲ್ಲ. ಆರರಿಂದ ಹದಿನೆಂಟು ಮೆಗಾಹರ್ಟ್ಸ್‌ವರೆಗಿನ ಕಿರು ತರಂಗವನ್ನು ಅದೇ ಅರ್ಧ ಸುತ್ತಿಗೆ ತುರುಕಿದರೆ 2400 ಜಾಗಗಳು, ಡಿಗ್ರಿಗೆ ಹದಿಮೂರು. ಅವಾದರೂ ಸಮನಾಗಿ ಹರಡಿಕೊಂಡಿವೆಯೇ? ಇಲ್ಲ. 49, 41, 31, 25, 19 ಮೀಟರ್ ಎಂದು ಜಾತ್ರೆಯಲ್ಲಿ ಅಂಗಡಿಗಳು ಗುಂಪುಗೂಡಿದಂತೆ ಒಂದೊಂದು ಕಡೆ ಕಿಕ್ಕಿರಿದು, ನಡುನಡುವೆ ಬಯಲು. ಮುಳ್ಳು ನೂಲಿನಷ್ಟು ಅಲುಗಿದರೆ ಲಂಡನ್ ಹೋಗಿ ಮಾಸ್ಕೋ ಬರುತ್ತಿತ್ತು.

ಇದಕ್ಕೆ ಕಂಡುಕೊಂಡ ಉಪಾಯವನ್ನು ನೆನೆದರೆ ನನಗೆ ಇಂದಿಗೂ ಖುಷಿಯಾಗುತ್ತದೆ, ಏಕೆಂದರೆ ಅದು ತಂಬೂರಿಯಲ್ಲಿ ಮೊದಲೇ ಇತ್ತು. ತಂಬೂರಿಯ ಶ್ರುತಿಯನ್ನು ಬಿರಡೆ ತಿರುಗಿಸಿ ಹತ್ತಿರ ಹತ್ತಿರ ತರುತ್ತಾರೆ. ಕೊನೆಯ ಕೂದಲೆಳೆಯ ವ್ಯತ್ಯಾಸವನ್ನು ಬಿರಡೆಯಿಂದ ಸರಿಪಡಿಸಲು ಹೋದರೆ ತಂತಿ ಅತ್ತ ಹಾರುತ್ತದೆ ಇಲ್ಲವೇ ಇತ್ತ ಜಾರುತ್ತದೆ. ಅದಕ್ಕೆಂದೇ ಕುದುರೆಯ ಕೆಳಗೆ ತಂತಿಗೆ ಪೋಣಿಸಿದ ಮಣಿಗಳಿವೆ. ಮಣಿಯನ್ನು ಬೆರಳಗಲ ಸರಿಸಿದರೂ ಶ್ರುತಿ ಅಲುಗುವುದು ಒಂದಿಷ್ಟೇ. ರೇಡಿಯೊದವರೂ ಮಾಡಿದ್ದು ಇದನ್ನೇ. 365 ಪಿಕೋಫ್ಯಾರಡ್‌ನ ದೊಡ್ಡ ಕಂಡೆನ್ಸರಿನ ಪಕ್ಕಕ್ಕೆ ಹತ್ತು ಪಿಕೋಫ್ಯಾರಡ್‌ನ ಪುಟ್ಟದೊಂದನ್ನು ಜೋಡಿಸಿ, ಅದಕ್ಕೆ ಬೇರೆ ಗುಂಡಿ ಕೊಟ್ಟರು. ದೊಡ್ಡದನ್ನು ಬ್ಯಾಂಡಿನ ಹತ್ತಿರ ನಿಲ್ಲಿಸಿ ಪುಟ್ಟದನ್ನು ತಿರುಗಿಸಿದರೆ ಬೆರಳಿಗೆ ಮೂವತ್ತಾರು ಪಟ್ಟು ನಾಜೂಕು ಬಂದಂತೆ. ತಕ್ಕಡಿಯಲ್ಲಿ ಬೆಲ್ಲ ತೂಗುವವನನ್ನು ನೋಡಿ. ಅಚ್ಚನ್ನು ಮೊದಲಿಟ್ಟು, ಆಮೇಲೆ ಚೂರು ಮುರಿದು ಹಾಕುತ್ತ ಮುಳ್ಳನ್ನು ನಡುವಿಗೆ ತರುತ್ತಾನೆ. ಮುಳ್ಳು ಹತ್ತಿರ ಬಂದ ಮೇಲೆ ಇನ್ನೊಂದು ಅಚ್ಚು ಎತ್ತುವವನನ್ನು ಯಾರೂ ಅಂಗಡಿಯಲ್ಲಿ ಇಟ್ಟುಕೊಳ್ಳುವುದಿಲ್ಲ.

1920ರ ದಶಕದ ಆರಂಭದ ಕೆಲವು ಕಂಡೆನ್ಸರುಗಳಲ್ಲಿ ಈ ಚೂರು ಬೆಲ್ಲ ಒಂದೇ ಒಂದು ಬಿಡಿ ತಗಡಿನ ರೂಪದಲ್ಲಿತ್ತು. ಅದನ್ನು 'ವರ್ನಿಯರ್' ಎಂದು ಕರೆದರು. ಪಿಯರ್ ವರ್ನಿಯರ್ ಎಂಬ ಫ್ರೆಂಚ್ ಗಣಿತಜ್ಞ 1631ರಲ್ಲಿ ಪ್ರಕಟಿಸಿದ್ದು ಅಳತೆಪಟ್ಟಿಯ ಉಪಾಯವನ್ನು, ಪಿಯುಸಿ ಪ್ರಯೋಗಶಾಲೆಯ ಕ್ಯಾಲಿಪರ್ಸ್‌ನಲ್ಲಿ ನಾವೆಲ್ಲ ತಡಕಾಡಿದ್ದನ್ನು. ತಗಡಿಗೂ ಅದಕ್ಕೂ ಸಂಬಂಧವಿಲ್ಲ, ಆದರೂ ಹೆಸರು ಅಂಟಿಕೊಂಡಿತು. ಗುಂಡಿಯನ್ನು ಹಲವು ಸುತ್ತು ತಿರುಗಿಸಿದರೆ ಕಂಡೆನ್ಸರು ಸ್ವಲ್ಪವೇ ತಿರುಗುವ ನಿಧಾನಗತಿಯ ಡಯಲ್ಲುಗಳಿಗೂ ಅದೇ ಹೆಸರು. ಈ ದಾರಿಯ ತುತ್ತತುದಿ 1935ರ ಎಚ್‌ಆರ್‌ಒ ಎಂಬ ಅಮೆರಿಕನ್ ರಿಸೀವರ್. ಅದರ ಡಯಲ್ಲು ಹತ್ತು ಸುತ್ತು ತಿರುಗಿ ಐನೂರು ಗೆರೆಗಳನ್ನು ಎಣಿಸುತ್ತಿತ್ತು. ಬ್ಯಾಂಡ್ ಬದಲಿಸಬೇಕೆಂದರೆ ಸುರುಳಿಗಳ ಡ್ರಾಯರನ್ನೇ ಮುಂದಿನಿಂದ ಎಳೆದು ಬೇರೊಂದನ್ನು ತಳ್ಳಬೇಕು. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಸಂದೇಶಗಳನ್ನು ಕದ್ದು ಕೇಳಲು ಬ್ರಿಟಿಷರು ಬಳಸಿದ ಸೆಟ್ಟುಗಳಲ್ಲಿ ಇದೂ ಒಂದು.

ಕೈಗುಣವನ್ನು ಓಡಿಸಲು ಎಲ್ಲರೂ ಒದ್ದಾಡುತ್ತಿದ್ದಾಗ ಒಬ್ಬ ಮಾತ್ರ ಅದನ್ನೇ ವಾದ್ಯ ಮಾಡಿಕೊಂಡ. ರಷ್ಯಾದ ಲೆವ್ ಥೆರೆಮಿನ್ 1920ರಲ್ಲಿ ಪೆಟ್ರೊಗ್ರಾಡಿನ ಪ್ರಯೋಗಾಲಯದಲ್ಲಿ ಅನಿಲಗಳ ಗುಣವನ್ನು ಅಳೆಯುವ ಉಪಕರಣ ಕಟ್ಟುತ್ತಿದ್ದಾಗ, ತನ್ನ ಕೈ ಹತ್ತಿರ ಬಂದರೆ ಅದರ ಸಿಳ್ಳೆ ಬದಲಾಗುವುದನ್ನು ಗಮನಿಸಿದ. ಬೇರೆಯವರು ಬೈದುಕೊಂಡು ಲೋಹದ ಮರೆ ಕಟ್ಟುತ್ತಿದ್ದ ಜಾಗದಲ್ಲಿ ಇವನು ಏರಿಯಲ್ ನೆಟ್ಟು, ಏನನ್ನೂ ಮುಟ್ಟದೆ ರಾಗ ನುಡಿಸಿದ.

ಸೂಕ್ಷ್ಮ ಗುಂಡಿ ಬಂದ ಮೇಲೂ ತೀರದ ಇನ್ನೊಂದು ತಾಪತ್ರಯವಿತ್ತು, ಅದರ ಸುತ್ತಲೂ ಒಂದು ತಪ್ಪು ನಂಬಿಕೆ. ರಾತ್ರಿ ಎಂಟಕ್ಕೆ ಸರಿಯಾಗಿ ಹಿಡಿದ ಸ್ಟೇಷನ್ ಎಂಟೂವರೆಗೆ ಸರಿದಿದ್ದರೆ, ಗಾಳಿಗೆ ಅಲೆ ಪಕ್ಕಕ್ಕೆ ಹೋಯಿತು ಎನ್ನುತ್ತಿದ್ದರು. ರೇಡಿಯೊ ಅಲೆಗೆ ಗಾಳಿಯ ಹಂಗಿಲ್ಲ. ವಾಲ್ವಿನ ಬಿಸಿಗೆ ಸುರುಳಿಯೂ ಕಂಡೆನ್ಸರೂ ಕೂದಲೆಳೆಯಷ್ಟು ಹಿಗ್ಗುತ್ತವೆ. ಕಂಪನಾಂಕದಲ್ಲಿ ಹತ್ತು ಸಾವಿರಕ್ಕೆ ನಾಲ್ಕು ಭಾಗ ವ್ಯತ್ಯಾಸವಾದರೂ 25 ಮೀಟರಿನಲ್ಲಿ ಪಕ್ಕದ ನಿಲಯಕ್ಕೆ ಹೋದಂತೆ. ದನಿ ಸಮುದ್ರದ ಅಲೆಯಂತೆ ಏರಿ ಇಳಿಯುವುದೇ ಬೇರೆ. ಅದು ಅಯಾನುಗೋಲದ ಆಟ, ಅದಕ್ಕೆ ಯಾವ ಗುಂಡಿಯೂ ಮದ್ದಲ್ಲ. ನಮ್ಮ ಮನೆಯಲ್ಲಿ ಎರಡನ್ನೂ ಸೇರಿಸಿ ಗಾಳಿಗೇ ಬೈಯುತ್ತಿದ್ದರು.

ದೊಡ್ಡಪ್ಪ ಹೋದ ಮೇಲೆ ಅಟ್ಟದಿಂದ ಆ ಹಲಗೆಯನ್ನು ಇಳಿಸಿ ದೂಳು ಕೊಡವಿದೆ. ಚಿಕ್ಕಂದಿನಲ್ಲಿ ನಾನು ತಿರುಗಿಸಿದ್ದು ಮುಂದಿನ ದೊಡ್ಡ ಗುಂಡಿಯನ್ನು. ಹಲಗೆಯ ಹಿಂದಿನ ಮೂಲೆಯಲ್ಲಿ ಇನ್ನೊಂದು ಕಂಡೆನ್ಸರ್ ಇತ್ತು. ಹಳೆಯ ಗ್ಯಾಂಗ್ ಕಂಡೆನ್ಸರಿನ ತಗಡುಗಳನ್ನು ಇಕ್ಕಳದಿಂದ ಒಂದೊಂದಾಗಿ ಕಿತ್ತು, ಅತ್ತ ಒಂದು ಇತ್ತ ಎರಡು ಉಳಿಸಿದ್ದರು. ಅದರ ಕಡ್ಡಿಗೆ ಒಂದು ಗೇಣುದ್ದದ ಬಿದಿರಿನ ಕೋಲನ್ನು ನೂಲಿನಿಂದ ಬಿಗಿದು ಅರಗು ಹಾಕಿದ್ದರು. ಕೋಲಿನ ತುದಿ ಹಲಗೆಯ ಬಲಕ್ಕೆ ಚಾಚಿಕೊಂಡಿತ್ತು, ಅವರು ಪದ್ಮಾಸನ ಹಾಕಿ ಕೂತರೆ ಮಂಡಿಯ ಪಕ್ಕಕ್ಕೆ ಬರುವಂತೆ. ಎಲ್ಲರೂ ದೊಡ್ಡ ಗುಂಡಿಯ ಮೇಲಿದ್ದ ಅವರ ಎಡಗೈಯನ್ನೇ ನೋಡುತ್ತಿದ್ದರು. ಆ ಕೈ ಹಿಂದಕ್ಕೆ ಬಂದ ಮೇಲೆ ಬಲಗೈ ಬಿದಿರನ್ನು ಹೊಸೆಯುತ್ತಿತ್ತು. ಕೋಲಿನ ಮೇಲೆ ಪೆನ್ಸಿಲಿನಲ್ಲಿ ಎಳೆದ ಗೆರೆಗಳು, ಒಂದರ ಪಕ್ಕದಲ್ಲಿ ಅವರದೇ ಮುದ್ದಾದ ಅಕ್ಷರದಲ್ಲಿ 'ಸಿ' ಎಂದು ಬರೆದಿತ್ತು.